ಬಿಸಾಡಿದ ಬಟ್ಟಲು

ಅಪೊಸ್ತಲನಾದ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ 10ರಿಂದ 18ರ ವರೆಗಿರುವ ವಚನಗಳನ್ನು ಮೊದಲು ಓದಿಕೊಳ್ಳಿರಿ. ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಿರಿ. ಆ ಬಳಿಕ ನಾವು ಈ ತಿಂಗಳು ನಿಮ್ಮ ಮುಂದಿಡುವ ಒಂದು ಚಿತ್ರಪಟದ ಸಂಗತಿಯನ್ನು ನಮ್ಮೊಂದಿಗೆ ಸ್ವಲ್ಪ ಹೊತ್ತು ಆಲೋಚಿಸಿರಿ.

ಈ ಪಟವಿರುವದು ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣದಲ್ಲಿ. ಅಲ್ಲಿ ಲೂವ್ರ್ ಎಂಬ ಹಳೆಯ ಅರಮನೆಯುಂಟು. ಅದು ಈಗ ಅರಸರ ಮನೆಯಾಗಿರದೆ ಚಿತ್ರಗಳನ್ನೂ ಪ್ರತಿಮೆಗಳನ್ನೂ ಇಟ್ಟಿರುವ ದೊಡ್ಡ ಸಂಗ್ರಹಾಲಯವಾಗಿದೆ. ನಾವು ಅದನ್ನು ಕಣ್ಣಾರೆ ಕಂಡವರಲ್ಲ. ನಾವು ದೈವಜ್ಞಾನಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳೊಬ್ಬರು ಆ ಪಟದ ಅಚ್ಚಿನ ಪ್ರತಿಯೊಂದನ್ನು ಪಾಠಕ್ಕೆ ತಂದು ತೋರಿಸಿದರು. ಅವರು ಕೆಲಸ ಬಿಟ್ಟು ಹೋಗುವಾಗ ಅದನ್ನು ನಮಗೆ ಕೊಟ್ಟರು. ಅಂದಿನಿಂದ ಅದು ವೇದಪುಸ್ತಕದ ಸಂಗಡ ನಮ್ಮ ಚೀಲದಲ್ಲಿ ಊರೂರು ತಿರುಗಿ, ಮೂಲೆಗಳು ಸವೆದು, ಮಡಿಕೆ ಬಿದ್ದ ಕಡೆಯಲ್ಲಿ ಬಣ್ಣ ಹೋಗಿದೆ. ಆದರೂ ನೋಡುವವರಿಗೆ ಸಂಗತಿಯು ಚೆನ್ನಾಗಿ ಕಾಣುತ್ತದೆ.

ಮೂಲಪಟವು ಸುಮಾರು ಐದೂಕಾಲು ಅಡಿ ಎತ್ತರವೂ ಏಳೂಕಾಲು ಅಡಿ ಅಗಲವೂ ಆಗಿದೆ. ಅಷ್ಟು ದೊಡ್ಡ ಪಟದಲ್ಲಿ ಮೊದಲು ಕಣ್ಣಿಗೆ ಬೀಳುವವರು ಮನುಷ್ಯರಲ್ಲ. ತೋಪಿನಂತೆ ದಟ್ಟವಾಗಿ ಬೆಳೆದ ದೊಡ್ಡ ಮರಗಳು, ಸೊಂಪಾದ ಹಸುರು, ನಡುವೆ ತಿರುಗಿ ತಿರುಗಿ ಹೋಗುವ ನೀರು, ಆಚೆಯ ದಡದಲ್ಲಿ ಇರುವೆಗಳಷ್ಟು ಸಣ್ಣಗೆ ಕಾಣುವ ಜನರು, ಅದರ ಮೇಲೆ ಗುಡ್ಡದ ಓರೆಯಲ್ಲಿ ಒಂದು ಭವ್ಯವಾದ ಕಟ್ಟಡ, ಅದಕ್ಕೂ ಮೇಲೆ ಬೆಳಕಿನ ಆಕಾಶ, ಇವೇ ಕಾಣುತ್ತವೆ. ಒಕ್ಕಲಿಗನಾದವನು ಈ ಪಟವನ್ನು ನೋಡಿದರೆ, ಇಲ್ಲಿ ಭತ್ತವೇ ಬೆಳೆಯಬಹುದಲ್ಲಾ ಎಂದು ಹೇಳುವನು. ನಮ್ಮ ಹಿರಿಯರೊಬ್ಬರು ಹಾಗೆಯೇ ಹೇಳಿದರು. ಕಣ್ಣು ಬಹಳ ಹೊತ್ತು ಆ ಹಸುರಿನಲ್ಲಿ ಅಲೆದು ಕೆಳಗಿಳಿದ ಮೇಲೆಯೇ ನೀರಿನ ಬಳಿಯಲ್ಲಿ ಇಬ್ಬರನ್ನು ಕಾಣುತ್ತದೆ. ಒಬ್ಬ ಹುಡುಗನು ಮೊಣಕಾಲೂರಿ ಕೈಯಿಂದ ನೀರನ್ನು ತೆಗೆದು ಕುಡಿಯುತ್ತಾನೆ. ಪ್ರಾಯದವನಾದ ಇನ್ನೊಬ್ಬನು ನಿಂತು ಅವನನ್ನು ನೋಡುತ್ತಾನೆ. ನಿಂತವನ ಮುಂದೆ ನೆಲದ ಮೇಲೆ ಒಂದು ಬಟ್ಟಲು ಬಿದ್ದಿದೆ. ಪಟದಲ್ಲಿ ನಡೆಯುವ ಕಾರ್ಯವೆಲ್ಲಾ ಇಷ್ಟೇ.

ನಿಂತವನ ಹೆಸರು ಡಯೋಜನೀಸ್. ಇವನು ನಮ್ಮ ಕರ್ತನು ಹುಟ್ಟುವದಕ್ಕೆ ಸುಮಾರು ನಾನೂರು ವರುಷ ಮುಂಚೆ, ಕಪ್ಪುಸಮುದ್ರದ ದಡದ ಸಿನೋಪೆ ಎಂಬ ಪಟ್ಟಣದಲ್ಲಿ ಹುಟ್ಟಿದ ಗ್ರೀಕನು. ಇವನ ತಂದೆಯು ನಾಣ್ಯಗಳ ವ್ಯಾಪಾರ ಮಾಡುವ ಸಾಹುಕಾರನು. ಆ ಪಟ್ಟಣದ ನಾಣ್ಯವನ್ನು ಕೆಡಿಸಿದರೆಂಬ ಅಪವಾದವು ಆ ಮನೆಯ ಮೇಲೆ ಬಂದದರಿಂದ ಡಯೋಜನೀಸನು ಊರು ಬಿಟ್ಟು ಅಥೇನೆಗೆ ಬಂದನೆಂದು ಹಳೆಯ ಚರಿತ್ರಕಾರರು ಬರೆಯುತ್ತಾರೆ. ಅಲ್ಲಿ ಅವನು ಮನೆ ಕಟ್ಟಲಿಲ್ಲ. ದೇವಾಲಯದ ಅಂಗಳದಲ್ಲಿದ್ದ ಒಂದು ಮಣ್ಣಿನ ಗುಡಾಣದೊಳಗೆ ವಾಸಮಾಡಿದನು. ನಮ್ಮಲ್ಲಿ ಹಿಂದೆ ದವಸ ತುಂಬಿಡುತ್ತಿದ್ದ ದೊಡ್ಡ ಗುಡಾಣಗಳನ್ನು ನೋಡಿದವರಿಗೆ ಇದು ಆಶ್ಚರ್ಯವಾಗದು. ಮೈಮೇಲಿನ ಒಂದೇ ಹೊದಿಕೆಯನ್ನು ಎರಡಾಗಿ ಮಡಿಸಿ ಹೊದ್ದು ರಾತ್ರಿ ಅದರಲ್ಲೇ ಮಲಗುವನು. ಕೈಯಲ್ಲಿ ಊರುಗೋಲು, ಹೆಗಲಲ್ಲಿ ಜೋಳಿಗೆ, ಜೋಳಿಗೆಯಲ್ಲಿ ನೀರು ಕುಡಿಯುವ ಬಟ್ಟಲು, ಇಷ್ಟೇ ಅವನ ಆಸ್ತಿ. ಕಡಿಮೆ ವಸ್ತುಗಳಿಂದ ಬದುಕುವವನೇ ಸ್ವತಂತ್ರನೆಂದು ಅವನು ಬೋಧಿಸಿದನು. ಜನರು ಅವನನ್ನು ನಾಯಿಯೆಂದು ಹಾಸ್ಯಮಾಡಿದರು. ಅವನೋ ಆ ಹೆಸರನ್ನೇ ಸಂತೋಷದಿಂದ ಇಟ್ಟುಕೊಂಡನು.

ಒಂದು ದಿನ ಅವನು ಒಬ್ಬ ಚಿಕ್ಕ ಹುಡುಗನು ಕೈಯಿಂದಲೇ ನೀರು ಕುಡಿಯುವದನ್ನು ಕಂಡು, ಸರಳವಾಗಿ ಜೀವಿಸುವದರಲ್ಲಿ ಒಂದು ಮಗುವು ತನ್ನನ್ನು ಸೋಲಿಸಿಬಿಟ್ಟಿತೆಂದು ಹೇಳಿ ಬಟ್ಟಲನ್ನು ಜೋಳಿಗೆಯಿಂದ ತೆಗೆದು ಬಿಸಾಡಿದನಂತೆ. ಪಾತ್ರೆ ಒಡೆದುಹೋದ ಇನ್ನೊಬ್ಬ ಹುಡುಗನು ರೊಟ್ಟಿಯನ್ನು ಗುಳಿಮಾಡಿ ಬೇಳೆಯನ್ನು ಅದರಲ್ಲಿ ಹಾಕಿಸಿಕೊಂಡು ತಿಂದದ್ದನ್ನು ನೋಡಿ ಊಟದ ಪಾತ್ರೆಯನ್ನೂ ಬಿಟ್ಟನೆಂದು ಹೇಳುತ್ತಾರೆ. ಇವುಗಳನ್ನು ಬರೆದಿಟ್ಟವನ ಹೆಸರೂ ಡಯೋಜನೀಸನೇ, ಲಯೇರ್ತಿಯ ಡಯೋಜನೀಸ್. ಆದರೆ ಅವನು ಇವನ ಕಾಲಕ್ಕೆ ಕೆಲವು ನೂರು ವರುಷಗಳ ಈಚಿನವನು. ಆದಕಾರಣ ಎಲ್ಲವೂ ಹೇಳಿದಂತೆಯೇ ನಡೆಯಿತೆಂದು ನಾವು ಸಾಧಿಸುವದಿಲ್ಲ. ಮಹಾ ಅಲೆಕ್ಸಾಂದರನು ಬಂದು ಏನು ಬೇಕು ಕೇಳು ಎಂದಾಗ, ನನಗೆ ಬೀಳುವ ಬಿಸಿಲಿಗೆ ಅಡ್ಡ ನಿಲ್ಲಬೇಡವೆಂದು ಕೇಳಿಕೊಂಡವನು ಇವನೇ. ಕಲ್ಲಿನ ಪ್ರತಿಮೆಗಳ ಮುಂದೆ ಕೈಯೊಡ್ಡಿ ಭಿಕ್ಷೆ ಬೇಡಿ, ಇಲ್ಲವೆನ್ನಿಸಿಕೊಳ್ಳುವದನ್ನು ಅಭ್ಯಾಸ ಮಾಡುತ್ತೇನೆಂದು ಹೇಳಿದವನೂ ಇವನೇ. ಈ ಕೊನೆಯ ಮಾತು ನಮಗೆ ಬಹಳ ಹಿಡಿಸಿತು. ಸಭೆಯ ಕಟ್ಟಡಕ್ಕಾಗಿ ಚಂದಾ ಎತ್ತಲು ಹೋದವರಿಗೆಲ್ಲಾ ಈ ಅಭ್ಯಾಸವು ಬೇಕಾಗುವದು. ಅವನು ಕ್ರಿ. ಪೂ. 323ರಲ್ಲಿ ಕೊರಿಂಥದಲ್ಲಿ ಸತ್ತನು. ಪೌಲನು ಒಂದೂವರೆ ವರುಷವಿದ್ದು ಸುವಾರ್ತೆ ಸಾರಿದ ಕೊರಿಂಥವೇ ಅದು.

ಚಿತ್ರವನ್ನು ಬರೆದವನು ನಿಕೊಲಾ ಪುಸ್ಸೇನ್. ಇವನು 1594ರಲ್ಲಿ ಫ್ರಾನ್ಸಿನ ನಾರ್ಮಂಡಿ ಸೀಮೆಯಲ್ಲಿ ಹುಟ್ಟಿ, 1624ರಲ್ಲಿ ರೋಮಾಪುರಕ್ಕೆ ಹೋಗಿ ಅಲ್ಲೇ ನೆಲಸಿದನು. 1640ರಲ್ಲಿ ಫ್ರಾನ್ಸಿನ ಅರಸನು ಅವನನ್ನು ಕರೆಸಿ, ತನ್ನ ಮೊದಲನೆಯ ಚಿತ್ರಗಾರನನ್ನಾಗಿ ಮಾಡಿ, ಅರಮನೆಯ ತೋಟದಲ್ಲಿ ಇರಲು ಮನೆಯನ್ನೂ ಕೊಟ್ಟನು. ಎರಡು ವರುಷ ತುಂಬುವದರೊಳಗೆ, ಅಂದರೆ 1642ರಲ್ಲಿ, ಅವನು ಅದನ್ನೆಲ್ಲಾ ಬಿಟ್ಟು ರೋಮಿನ ತನ್ನ ಸಾಧಾರಣ ಮನೆಗೆ ಹಿಂತಿರುಗಿದನು. ಅವನ ವಿಷಯವಾಗಿ ಒಂದು ಸಂಗತಿಯು ಬರೆಯಲ್ಪಟ್ಟಿದೆ. ಮಾಸ್ಸಿಮಿ ಎಂಬ ರೋಮನ್ ಸಭೆಯ ದೊಡ್ಡ ಅಧಿಕಾರಿಯೊಬ್ಬನು ಒಂದು ರಾತ್ರಿ ಅವನ ಮನೆಗೆ ಬಂದು ಹೊರಡುವಾಗ, ಪುಸ್ಸೇನನು ತಾನೇ ದೀಪ ಹಿಡಿದು ಬಾಗಲ ತನಕ ಬಂದನು. ನಿನಗೆ ಒಬ್ಬ ಆಳೂ ಇಲ್ಲವಲ್ಲಾ ಎಂದು ಆ ಅಧಿಕಾರಿಯು ಮರುಗಲು, ನಿಮಗೆ ಅಷ್ಟೊಂದು ಆಳುಗಳಿದ್ದಾರಲ್ಲಾ ಎಂದು ನಾನೇ ನಿಮಗಾಗಿ ಮರುಗುತ್ತೇನೆಂದು ಇವನು ಉತ್ತರಕೊಟ್ಟನಂತೆ. ಹೀಗಿರುವವನು ಡಯೋಜನೀಸನನ್ನು ಬರೆದದ್ದರಲ್ಲಿ ಆಶ್ಚರ್ಯವೇನು?

ಈ ಪಟವನ್ನು 1648ರಲ್ಲಿ ಬರೆದನೆಂದು ಅವನ ಪರಿಚಿತನಾದ ಫೆಲಿಬಿಯೆನನು ಹೇಳುತ್ತಾನೆ. ಬಣ್ಣದ ರೀತಿಯನ್ನು ನೋಡಿ, ಇನ್ನೂ ಹತ್ತು ವರುಷ ಈಚಿನದೆಂದು ಹೇಳುವ ವಿದ್ವಾಂಸರೂ ಉಂಟು. ಗುಡ್ಡದ ಮೇಲಿನ ಕಟ್ಟಡವು ರೋಮಿನ ಬೆಲ್ವೆದೆರೆ ಎಂಬ ಅರಮನೆಯನ್ನು ಹೋಲುತ್ತದೆ. ಆ ಅರಮನೆಯೋ ಡಯೋಜನೀಸನು ಸತ್ತು ಸಾವಿರದ ಎಂಟುನೂರು ವರುಷಗಳಾದ ಮೇಲೆ ಕಟ್ಟಿದ್ದು! ಚಿತ್ರಗಾರನಿಗೆ ಇದು ತಿಳಿಯದೆ ಹೋಗಲಿಲ್ಲ. ತನ್ನ ಕಾಲದ ಐಶ್ವರ್ಯವಂತರು ಪಟವನ್ನು ನೋಡುವಾಗ, ತಾವು ಹತ್ತಿಳಿಯುವ ಮೆಟ್ಟಲುಗಳನ್ನೇ ಅದರಲ್ಲಿ ಕಾಣಲಿ ಎಂದು ಬೇಕೆಂದೇ ಬರೆದನೆಂದು ನಮಗೆ ತೋರುತ್ತದೆ. ಆ ಐಶ್ವರ್ಯವಂತರು ಏನು ಮಾಡಿದರು? ಪಟವನ್ನು ಬರೆಯಿಸಿದವನು ಲುಮಾಗ್ ಎಂಬ ಹಣದ ವ್ಯಾಪಾರಿ. 1665ರಲ್ಲಿ ಅದು ಹದಿನಾಲ್ಕನೆಯ ಲೂಯಿ ಅರಸನ ಸೊತ್ತಾಯಿತು. ಒಂದು ಬಟ್ಟಲೂ ಬೇಡವೆಂದವನ ಚಿತ್ರವು, ಯುರೋಪಿನಲ್ಲಿ ಎಲ್ಲರಿಗಿಂತ ಆಡಂಬರದಿಂದ ಬಾಳಿದ ಅರಸನ ಗೋಡೆಗೆ ಅಲಂಕಾರವಾಯಿತು. ಉಪದೇಶ ಮಾಡುವ ನಮ್ಮಂಥವರು ಇದನ್ನು ನೆನಪಿನಲ್ಲಿಟ್ಟುಕೊಳ್ಳುವದು ಒಳ್ಳೇದು. ಒಳ್ಳೆಯ ಉಪದೇಶವನ್ನು ಕೊಂಡು ಗೋಡೆಗೆ ತಗುಲಿಸಿಬಿಡುವದು ಬಹು ಸುಲಭ.

ನಾವು ಬಹು ದಿನ ಈ ಪಟದಿಂದ ಎರಡು ಪಾಠಗಳನ್ನು ಹೇಳುತ್ತಿದ್ದೆವು. ಮೊದಲನೆಯದು, ಗುರುವು ಶಿಷ್ಯನಾದನೆಂಬದೇ. ಅಥೇನೆಯ ಪಂಡಿತರಿಗೆ ಬುದ್ಧಿಹೇಳುತ್ತಿದ್ದವನು ಹೆಸರಿಲ್ಲದ ಒಬ್ಬ ಹುಡುಗನಿಂದ ಕಲಿತನು. ಆ ಹುಡುಗನೋ ತಾನು ಯಾರಿಗಾದರೂ ಏನನ್ನಾದರೂ ಕಲಿಸುತ್ತೇನೆಂದು ತಿಳಿದವನಲ್ಲ, ಬಾಯಾರಿತು, ಕುಡಿದನು. ಯೇಸುಸ್ವಾಮಿಯು ಒಂದು ಮಗುವನ್ನು ಶಿಷ್ಯರ ಮಧ್ಯದಲ್ಲಿ ನಿಲ್ಲಿಸಿದಾಗ ಆ ಮಗುವೂ ಏನೂ ಮಾತಾಡಲಿಲ್ಲ. ಎರಡನೆಯದು, ಬಟ್ಟಲನ್ನು ಬಿಟ್ಟವನಿಗೆ ಏನು ಕೊರತೆಯಾಯಿತು ಎಂಬದು. ಚಿತ್ರಗಾರನು ಅವನನ್ನು ಮರಳುಗಾಡಿನಲ್ಲಿ ನಿಲ್ಲಿಸಲಿಲ್ಲ, ಸಮೃದ್ಧಿಯ ಮಧ್ಯದಲ್ಲಿ ನಿಲ್ಲಿಸಿದ್ದಾನೆ. ನೀರು, ನೆರಳು, ಬೆಳಕು, ಇವು ಯಾರ ಪೆಟ್ಟಿಗೆಯಲ್ಲಿಯೂ ಇಲ್ಲ. ಪಟದಲ್ಲಿ ಮನುಷ್ಯನು ಸಣ್ಣವನು, ದೇವರ ಸೃಷ್ಟಿಯು ದೊಡ್ಡದು. ಬಟ್ಟಲು ಎಲ್ಲಕ್ಕಿಂತ ಸಣ್ಣದು, ಹುಡುಕಿದರೇ ಸಿಕ್ಕುತ್ತದೆ. ನಮ್ಮ ಸಭೆಗಳಲ್ಲಿ ಮದುವೆಗೆ ಸಾಲ ಮಾಡಿ, ನೆರೆಯವನ ಮನೆಗಿಂತ ಹೆಚ್ಚು ಪಾತ್ರೆಗಳನ್ನು ಸಾಲಾಗಿಟ್ಟು, ಹತ್ತು ವರುಷ ಬಡ್ಡಿ ಕಟ್ಟುವವರಿಗೆ ಈ ಪಾಠವು ಬೇಕೇ ಬೇಕು. ಇದನ್ನು ನಾವು ಈಗಲೂ ಹಿಂತೆಗೆದುಕೊಳ್ಳುವದಿಲ್ಲ.

ಆದರೆ ಕೆಲವು ಸಮಯದ ಕೆಳಗೆ ಒಂದು ಊರಿನಲ್ಲಿ ಮನೆಪ್ರಾರ್ಥನೆಯ ಕೂಟದಲ್ಲಿ ನಾವು ಈ ಪಟವನ್ನು ತೋರಿಸಿದೆವು. ಕಂದೀಲಿನ ಬೆಳಕಿನಲ್ಲಿ ಪಟವು ಕೈಯಿಂದ ಕೈಗೆ ಹೋಯಿತು. ಗಿದ್ಯೋನನ ದಂಡಿನಲ್ಲಿ ಕೈಯಿಂದ ನೀರು ಕುಡಿದ ಮುನ್ನೂರು ಮಂದಿಯೇ ಆರಿಸಲ್ಪಟ್ಟರಲ್ಲವೇ ಎಂದು ಒಬ್ಬ ಯೌವನಸ್ಥನು ಚೆನ್ನಾಗಿ ಜ್ಞಾಪಿಸಿಕೊಟ್ಟನು. ನಾವು ಸಂತೋಷಪಟ್ಟು, ಇದ್ದದ್ದರಲ್ಲಿ ತೃಪ್ತರಾಗಿರಬೇಕೆಂದು ಸ್ವಲ್ಪ ದೀರ್ಘವಾಗಿಯೇ ಹೇಳಿದೆವು. ಗೋಡೆಗೆ ಒರಗಿ ಕೂತಿದ್ದ ವೃದ್ಧೆಯೊಬ್ಬಳು ಪಟವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿ, ನಮ್ಮನ್ನು ಕರೆದಳು.

“ಅಯ್ಯನವರೇ, ಇವನ್ಯಾಕೆ ಬಟ್ಟಲು ಬಿಸಾಕಿದ?”

“ಅದು ಬೇಕಿಲ್ಲವೆಂದು ತಿಳಿಯಿತು, ಅಜ್ಜೀ. ಕೈಯಿಂದ ಕುಡಿದರೆ ಸಾಕಾಯಿತು.”

“ನಾವೂ ಕೈಯಿಂದಲೇ ಕುಡಿದೋರು,” ಎಂದಳು. “ನಮಗೆ ಸಾಕಾಗಿರಲಿಲ್ಲ.”

ಆಮೇಲೆ ಅವಳು ಹೇಳಿದ್ದನ್ನು ನಾವು ನಮ್ಮ ಮಾತಿನಲ್ಲಿ ಬರೆಯುತ್ತೇವೆ. ಅವಳು ಹುಡುಗಿಯಾಗಿದ್ದಾಗ ತಾಯಿಯ ಸಂಗಡ ದೊಡ್ಡವರ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದಳು. ನಡುಮಧ್ಯಾಹ್ನದಲ್ಲಿ ನೀರು ಬೇಕಾದರೆ ಆ ಮನೆಯ ಹಿತ್ತಲ ಬಾಗಲಿನಿಂದ ದೂರ ನಿಂತು ಕೂಗಬೇಕು. ಮನೆಯವರು ಬಿಡುವಾದಾಗ ತಂಬಿಗೆ ತಂದು, ಮುಟ್ಟದಂತೆ ಮೇಲಿನಿಂದ ಸುರಿಯುವರು. ಇವರು ಬಗ್ಗಿ ಬೊಗಸೆಯೊಡ್ಡಿ ಕುಡಿಯಬೇಕು. ಸುರಿಯುವವರ ಮನಸ್ಸು ಒಳ್ಳೇದಿದ್ದರೆ ಹೊಟ್ಟೆ ತುಂಬುವದು. ಅವಸರವಿದ್ದರೆ ಅರ್ಧ ನೀರು ಮೊಣಕೈಯಿಂದ ಇಳಿದು ಸೀರೆಗೆ ಹೋಗುವದು. ಇನ್ನಷ್ಟು ಎಂದು ಕೇಳಲು ಬಾಯಿ ಬಾರದು. ಎರಡು ಹೊಲಗಳ ಆಚೆಗೆ ಬಾವಿ ಇತ್ತು, ಆದರೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಒಂದು ಸಾರಿ ಅವಳ ಚಿಕ್ಕ ತಮ್ಮನು ಜಗಲಿಯ ಮೇಲಿದ್ದ ಲೋಟವನ್ನು ತಿಳಿಯದೆ ಮುಟ್ಟಿದನು. ಮನೆಯವರು ಹುಡುಗನನ್ನು ಹೊಡೆಯಲಿಲ್ಲ. ಅವನ ಕಣ್ಣೆದುರಿಗೇ ಲೋಟವನ್ನು ತಿಪ್ಪೆಗೆ ಎಸೆದರು. “ಆ ಲೋಟಾನ ನಮಗೇ ಕೊಟ್ಟುಬಿಡಿ ಅಂತ ಕೇಳೋಕೂ ನಮ್ಮವ್ವನಿಗೆ ಧೈರ್ಯ ಬರಲಿಲ್ಲ,” ಎಂದು ಅವಳು ಹೇಳಿ, ಪಟವನ್ನು ಪಕ್ಕದವಳಿಗೆ ಕೊಟ್ಟಳು.

ಕೂಟದಲ್ಲಿ ಯಾರೂ ಮಾತಾಡಲಿಲ್ಲ. ನಾವು ಪ್ರಾರ್ಥನೆ ಮಾಡಿ ಮುಗಿಸಿದೆವು, ಆದರೆ ಏನು ಪ್ರಾರ್ಥಿಸಿದೆವೋ ನಮಗೇ ನೆನಪಿಲ್ಲ. ಆ ರಾತ್ರಿ ಮನೆಗೆ ನಡೆದು ಬರುವಾಗ ನಮ್ಮ ಮನಸ್ಸಿನಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಎರಡು ಬಟ್ಟಲುಗಳು ಬಿಸಾಡಲ್ಪಟ್ಟವು. ಒಂದನ್ನು ಅದರ ಯಜಮಾನನು ತನ್ನ ಇಷ್ಟದಿಂದ ಬಿಸಾಡಿ ಸ್ವತಂತ್ರನಾದನು. ಇನ್ನೊಂದನ್ನು, ಬಾಯಾರಿದ ಒಂದು ಮಗುವು ಮುಟ್ಟಿತೆಂಬದಕ್ಕಾಗಿ ಬಿಸಾಡಿದರು. ಇವೆರಡಕ್ಕೂ ಒಂದೇ ಉಪದೇಶವನ್ನು ಹೇಳಿಕೊಂಡು ನಾವು ಇಷ್ಟು ವರುಷ ತಿರುಗಿದ್ದೆವು.

1950ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಹಾಗಿದ್ದರೂ ಬೇರೆ ಲೋಟ ಇಡುವ ಹೋಟ್ಲುಗಳ ಸಂಗತಿಯನ್ನು ನಾವು ಕೇಳದವರಲ್ಲ. ಆದಕಾರಣ, ಇದು ಹಳೆಯ ಕಾಲದ ದುಃಖವೆಂದು ಯಾರೂ ಬದಿಗಿಡಬಾರದು.

ಈ ಯೋಚನೆಯಿಂದ ಡಯೋಜನೀಸನ ಚರಿತ್ರೆಯನ್ನು ಮತ್ತೊಮ್ಮೆ ನೋಡಿದಾಗ, ಮುಂಚೆ ಓದಿಯೂ ಗಮನಿಸದೆ ಬಿಟ್ಟ ಎರಡು ಸಂಗತಿಗಳು ನಮ್ಮನ್ನು ಹಿಡಿದು ನಿಲ್ಲಿಸಿದವು. ಅವನ ಶಿಷ್ಯರಲ್ಲಿ ಕ್ರಾತೆಸ್ ಎಂಬ ಐಶ್ವರ್ಯವಂತನಿದ್ದನು. ಈತನು ಆಸ್ತಿಯನ್ನೆಲ್ಲಾ ಬಿಟ್ಟನು. ಹೇಗೆ ಬಿಟ್ಟನೆಂಬದಕ್ಕೆ ಎರಡು ಹೇಳಿಕೆಗಳುಂಟು. ಹಣವನ್ನು ಪಟ್ಟಣದವರಿಗೆ ಹಂಚಿದನೆಂದು ಒಂದು. ಡಯೋಜನೀಸನ ಮಾತನ್ನು ಕೇಳಿ ಹೊಲಗಳನ್ನು ಕುರಿ ಮೇಯಲು ಬಿಟ್ಟು, ಹಣವನ್ನು ಸಮುದ್ರಕ್ಕೆ ಹಾಕಿದನೆಂದು ಇನ್ನೊಂದು. ಯಾವದು ನಿಜವಾದರೂ ಸರಿಯೇ. ಹಣವನ್ನು ಬಿಟ್ಟವನಿಗೆ ಎರಡರಿಂದಲೂ ಒಂದೇ ಬಿಡುಗಡೆ. ಆದರೆ ಆ ಪಟ್ಟಣದ ಒಬ್ಬ ವಿಧವೆಗೆ ಈ ಎರಡೂ ಒಂದೇಯೋ? ಸಮುದ್ರಕ್ಕೆ ಹೋದ ಹಣದಿಂದ ಅವಳ ಒಲೆ ಉರಿಯುವದೋ? ಕರ್ತನು ಐಶ್ವರ್ಯವಂತನಾದ ಯೌವನಸ್ಥನಿಗೆ ಆಸ್ತಿಯನ್ನು ಬಿಸಾಡೆಂದು ಹೇಳಲಿಲ್ಲ. ಮಾರಿ ಬಡವರಿಗೆ ಕೊಡೆಂದನು. ಜಕ್ಕಾಯನು ಮೇಲೆದ್ದು ಅರ್ಧವನ್ನು ಬಡವರಿಗೂ, ಅನ್ಯಾಯದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನು ಕಳಕೊಂಡವರಿಗೂ ಗೊತ್ತುಮಾಡಿದನು. ಅವನ ಮನೆಯ ಬಟ್ಟಲುಗಳು ನೆಲಕ್ಕೆ ಬೀಳಲಿಲ್ಲ, ಬೇರೆ ಕೈಗಳಿಗೆ ಹೋದವು.

ಎರಡನೆಯ ಸಂಗತಿಯು ಇನ್ನೂ ಚುಚ್ಚುವಂಥದು. ಪ್ಲೇಟೋ ಎಂಬ ಪ್ರಖ್ಯಾತ ತತ್ತ್ವಜ್ಞಾನಿಯ ಮನೆಯಲ್ಲಿ ಹಾಸಿದ್ದ ಬೆಲೆಯುಳ್ಳ ರತ್ನಗಂಬಳಿಗಳ ಮೇಲೆ ಡಯೋಜನೀಸನು ತುಳಿದಾಡಿ, ನಿನ್ನ ಗರ್ವವನ್ನು ತುಳಿಯುತ್ತೇನೆಂದನಂತೆ. ಹೌದು, ಆದರೆ ಇನ್ನೊಂದು ತರದ ಗರ್ವದಿಂದ ತುಳಿಯುತ್ತೀ ಎಂದು ಪ್ಲೇಟೋವು ಉತ್ತರಕೊಟ್ಟನಂತೆ. ಈ ಇನ್ನೊಂದು ತರದ ಗರ್ವವನ್ನು ನಾವು ಬಲ್ಲೆವು. ಮನೆಗಳಿಗೆ ಹೋದಾಗ ಕುರ್ಚಿ ಹಾಕಿದರೆ ಬೇಡವೆಂದು ಚಾಪೆಯ ಮೇಲೆ ಕೂತು, ಅದನ್ನು ನೋಡಿದವರುಂಟೋ ಎಂದು ಓರೆಗಣ್ಣಿನಿಂದ ಹುಡುಕಿದ್ದುಂಟು. ಕಾಫಿ ಬೇಡ, ನೀರು ಸಾಕೆಂದು ಹೇಳಿ, ಸಾಲ ಮಾಡಿ ಹಾಲು ತಂದಿದ್ದ ತಾಯಿಯ ಮುಖವು ಬಾಡಿದ್ದನ್ನು ಗಮನಿಸದೆ ಹೋದದ್ದೂ ಉಂಟು. ಬೇಡವೆನ್ನುವದು ಯಾವಾಗಲೂ ಸದ್ಗುಣವಲ್ಲ. ಒಂದು ಬಡ ಮನೆಯವರು ಕೊಟ್ಟ ಲೋಟವನ್ನು ಎರಡು ಕೈಗಳಿಂದ ತೆಗೆದುಕೊಂಡು ಕುಡಿಯುವದು ಅನೇಕ ಸಾರಿ ಉಪವಾಸಕ್ಕಿಂತ ಹೆಚ್ಚಿನ ಭಕ್ತಿಯಾಗಿರುವದು. ಯಾಕಂದರೆ ಅವರ ಲೋಟದಿಂದ ಕುಡಿಯುವದಿಲ್ಲವೆಂದವರು ಈ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದರು.

ಇನ್ನು ಮೊದಲು ಓದಿಕೊಂಡ ವಚನಗಳಿಗೆ ಬರೋಣ. ಕೊರತೆಯನ್ನೂ ಸಮೃದ್ಧಿಯನ್ನೂ ತಾನು ಬಲ್ಲೆನೆಂದೂ, ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರಲು ಕಲಿತೆನೆಂದೂ ಪೌಲನು ಬರೆದದ್ದು ಸೆರೆಯಲ್ಲಿದ್ದಾಗ. ಈ ವಚನಗಳನ್ನು ಗೋಡೆಯ ಮೇಲೆ ಬರೆದಿಡುವವರು ಬಹು ಮಂದಿ. ಆದರೆ ಅವು ಯಾತರಲ್ಲಿ ಬಂದವೆಂದು ಗಮನಿಸಿದಿರೋ? ಫಿಲಿಪ್ಪಿಯ ಸಭೆಯವರು ಎಪಫ್ರೊದೀತನ ಕೈಯಲ್ಲಿ ಕಾಣಿಕೆಯನ್ನು ಕಳುಹಿಸಿದ್ದರು. ಅದು ಮುಟ್ಟಿತೆಂದು ತಿಳಿಸಿ, ನನ್ನ ಸಂಕಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೇದಾಯಿತೆಂದು ಉಪಕಾರ ಹೇಳುವ ಕಾಗದದಲ್ಲಿಯೇ ಪೌಲನು ತೃಪ್ತಿಯ ಮಾತನ್ನು ಬರೆದನು. ಸಾಕು ಎನ್ನುವ ಬಾಯಿಯಿಂದಲೇ ಮುಟ್ಟಿತು ಎಂದನು. ಕಾಣಿಕೆಯನ್ನು ತಿರುಗಿ ಕಳುಹಿಸಲಿಲ್ಲ. ಅದಿಲ್ಲದೆ ಇರಲಾರೆನೆಂದು ಅಳಲೂ ಇಲ್ಲ.

ಅಥೇನೆಯಲ್ಲಿ ಪೌಲನ ಸಂಗಡ ವಾದಿಸಿದ ಸ್ತೋಯಿಕರ ಮೂಲಗುರುವಾದ ಜೆನೋ ಎಂಬವನು, ನಾವು ಮೇಲೆ ಹೇಳಿದ ಕ್ರಾತೆಸನ ಶಿಷ್ಯನು. ಹೀಗೆ ಡಯೋಜನೀಸನ ಮನೆತನದವರಿಗೆ, ಹಾಗೆನ್ನಬಹುದಾದರೆ, ಪೌಲನು ಎದುರಾಗಿದ್ದನು. ನಾನು ಯಾರ ಹಂಗಿನಲ್ಲಿಯೂ ಇಲ್ಲವೆಂಬದು ಅವರ ಹೆಮ್ಮೆ. ಪೌಲನೋ ತನ್ನನ್ನು ಬಲಪಡಿಸುವಾತನ ಹಂಗಿನಲ್ಲಿದ್ದೇನೆ ಎಂದನು. ಸಭೆಯವರ ಹಂಗಿಗೂ ನಾಚಲಿಲ್ಲ. ಡಯೋಜನೀಸನ ಬಿಡುಗಡೆಯಲ್ಲಿ ಅವನೊಬ್ಬನೇ ಇದ್ದಾನೆ. ಪಟವನ್ನು ನೋಡಿರಿ: ಹುಡುಗನು ಅವನ ಕಾಲಬಳಿಯಲ್ಲೇ ಇದ್ದರೂ ಇಬ್ಬರೂ ಒಂದು ಮಾತಾಡಿದಂತೆ ತೋರುವದಿಲ್ಲ.

ನಮಗೆ ಈಗ ಹೀಗೆ ತೋರುತ್ತದೆ. ಬಟ್ಟಲನ್ನು ಬಿಡೆಂದು ಯಾರಿಗೆ ಹೇಳಬೇಕೋ ಅವರಿಗೇ ಹೇಳಬೇಕು, ಅಂದರೆ ಜೋಳಿಗೆಯಲ್ಲಿ ಬಟ್ಟಲಿರುವವರಿಗೆ, ಅದರಲ್ಲಿಯೂ ಎರಡಿರುವವರಿಗೆ. ಕೂಲಿಯನ್ನು ಸರಿಯಾಗಿ ಕೇಳಲು ಹೊರಟವನ ಕೈಹಿಡಿದು ನಿಲ್ಲಿಸಿ, ಇದ್ದದ್ದರಲ್ಲಿ ತೃಪ್ತನಾಗಿರೆಂದು ಹೇಳುವದು ಪೌಲನ ಮಾತಲ್ಲ, ಡಯೋಜನೀಸನ ಮಾತೂ ಅಲ್ಲ. ಅದು ಆ ಪಟವನ್ನು ಗೋಡೆಗೆ ಹಾಕಿಕೊಂಡವರ ಮಾತು. ಯಾಕೋಬನು ಕೂಲಿಯವರ ಕೂಗಿನ ವಿಷಯವಾಗಿ ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಬರೆದದ್ದನ್ನು ಹೊಲಗಳಿರುವ ಸಭೆಯವರು ಮನೆಯಲ್ಲಿ ಓದಿಕೊಳ್ಳಲಿ. ನಮ್ಮಲ್ಲಿಯೂ ಅಂಥವರು ಇದ್ದಾರೆ.

ಮತ್ತು ಬಿಸಾಡಬಾರದ ಬಟ್ಟಲೊಂದುಂಟು. ಕರ್ತನ ರಾತ್ರಿಭೋಜನದಲ್ಲಿ ಪಾತ್ರೆಯು ಒಂದೇ. ಅದು ಸಾಲಿನಲ್ಲಿ ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಹೋಗುತ್ತದೆ. ಇದು ನಮ್ಮ ದೇಶದ ಸಭೆಗಳಲ್ಲಿ ಸುಮ್ಮನೆ ಬಂದದ್ದಲ್ಲ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನರು, ಸಭೆಯೊಳಗೆ ಜಾತಿಭೇದವು ಇನ್ನು ಇರಕೂಡದೆಂದು ಕಾಗದ ಬರೆದಾಗ, ತಮಿಳುಸೀಮೆಯ ತಂಜಾವೂರು, ವೇಪೇರಿ ಮೊದಲಾದ ಕಡೆಗಳಲ್ಲಿ ಅನೇಕರು ಸಭೆಯನ್ನೇ ಬಿಟ್ಟುಹೋದರು. ಅವರು ಕರ್ತನನ್ನು ಬಿಡಲು ಮನಸ್ಸಿದ್ದವರಲ್ಲವೆಂದು ನಾವು ನಂಬುತ್ತೇವೆ. ಪಕ್ಕದವನನ್ನು ಸೇರಿಸಿಕೊಳ್ಳುವದು ಅವರಿಂದಾಗಲಿಲ್ಲ. ಡಯೋಜನೀಸನಿಗೆ ಮರದ ಬಟ್ಟಲನ್ನು ಬಿಡುವದು ಕಷ್ಟವಾಗಲಿಲ್ಲ. ಹುಟ್ಟಿನ ಹೆಮ್ಮೆಯೆಂಬ ಬಟ್ಟಲೋ ಜೋಳಿಗೆಯಲ್ಲಿರುವದಿಲ್ಲ, ಕೈಹಾಕಿದರೆ ಸಿಕ್ಕುವದಿಲ್ಲ. ಅದು ಇಂದಿಗೂ ನಮ್ಮ ಹೆಣ್ಣುಗಂಡಿನ ಮಾತುಕಥೆಗಳಲ್ಲಿ, ಸಭೆಯ ಹಿರಿಯರ ಚುನಾವಣೆಯಲ್ಲಿ, ಸ್ಮಶಾನದ ಜಾಗದ ವಿಷಯದಲ್ಲಿ ತಾನಾಗಿ ಹೊರಬರುತ್ತದೆ. ಇಲ್ಲಿ ಹೆಚ್ಚು ಬರೆಯುವದಿಲ್ಲ. ಓದುವವರಿಗೆ ತಮ್ಮ ತಮ್ಮ ಊರಿನ ಸಂಗತಿಯು ತಿಳಿದದೆ.

ಹಿಂದಿನ ತಿಂಗಳು ನಾವು ಅದೇ ಊರಿಗೆ ತಿರುಗಿ ಹೋದೆವು. ಆದಿತ್ಯವಾರ ರಾತ್ರಿಭೋಜನದ ಆರಾಧನೆ ಇತ್ತು. ಆ ವೃದ್ಧೆಯು ಹೆಂಗಸರ ಸಾಲಿನ ಕೊನೆಯಲ್ಲಿ ಮೊಣಕಾಲೂರಿದ್ದಳು. ಪಾದ್ರಿಗಳು ಪಾತ್ರೆಯನ್ನು ಅವಳ ಬಾಯಿಗೆ ಹಿಡಿಯಲು ಬಗ್ಗಿದಾಗ, ಅವಳು ಎರಡೂ ಕೈಗಳನ್ನೆತ್ತಿ ಪಾತ್ರೆಯನ್ನು ಹಿಡಿದುಕೊಂಡಳು. ನಮ್ಮ ಸಭೆಯಲ್ಲಿ ಹಾಗೆ ಹಿಡಿಯುವ ವಾಡಿಕೆ ಇಲ್ಲ. ಪಾದ್ರಿಗಳು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಅವಳು ಕುಡಿದು, ತಾನೇ ಅದನ್ನು ಅವರ ಕೈಗೆ ಕೊಟ್ಟಳು.

ಆರಾಧನೆ ಮುಗಿದ ಮೇಲೆ ಅವಳು ಮರದ ಕೆಳಗೆ ಕೂತು, ಆ ಪಟವನ್ನು ತಂದಿದ್ದೀರಾ ಎಂದು ಕೇಳಿದಳು. ನಾವು ಚೀಲದಿಂದ ತೆಗೆದು ಕೊಟ್ಟೆವು. ಹಗಲಿನ ಬೆಳಕಿನಲ್ಲಿ ಅವಳು ಮರಗಳನ್ನೂ ನೀರನ್ನೂ ಬಹಳ ಹೊತ್ತು ನೋಡಿದಳು. ಒಳ್ಳೆ ನೀರಿನ ಊರು ಎಂದಳು. ಆಮೇಲೆ ನೆಲದ ಮೇಲೆ ಬಿದ್ದಿರುವ ಬಟ್ಟಲಿನ ಮೇಲೆ ಬೆರಳಿಟ್ಟಳು.

“ಇದು ಒಡೆದಿಲ್ಲ ಅಲ್ವಾ, ಅಯ್ಯನವರೇ?”

“ಇಲ್ಲ, ಅಜ್ಜೀ. ಸರಿಯಾಗಿಯೇ ಇದೆ.”

“ಆಮೇಲೆ ಈ ಹುಡುಗ ಇದನ್ನ ಮನೆಗೆ ತಗೊಂಡು ಹೋದನಾ?”

ಪುಸ್ತಕಗಳಲ್ಲಿ ಆ ಸಂಗತಿಯನ್ನು ಯಾರೂ ಬರೆದಿಲ್ಲ ಎಂದು ನಾವು ಹೇಳಿದೆವು.